ಹೊರಡಲೊಲ್ಲದ ಹಳೆಯ ಗಾಡಿ

ಹಳೆಯ ಮೋಟಾರು ಕಾರೊಂದು ದಾರಿಯ ಬದಿಯಲ್ಲಿ ಹೊರಡಲೊಲ್ಲದೆ ನಿಂತಾಗ ಅದರ ಸುತ್ತ ನೆರೆಯುವ ಜನರ ಜ್ಞಾನಭಂಡಾರವನ್ನು ಕಂಡು ಬೆರಗಾಗದವರಾರು? ಒಬ್ಬರು ಬ್ಯಾಟರಿ ಸತ್ತಿದೆ ಎನ್ನುತ್ತಾರೆ. ಇನ್ನೊಬ್ಬರು ಪೆಟ್ರೋಲಿಗೆ ನೀರು ಸೇರಿದೆ ಎನ್ನುತ್ತಾರೆ. ಮೂರನೆಯವರು, ಇದೆಲ್ಲ ಕಾರ್ಬುರೇಟರಿನ ಕಿತಾಪತಿ, ಸಂದೇಹವೇ ಬೇಡ ಎಂದು ತೀರ್ಪು ಕೊಟ್ಟು, ತಮ್ಮ ಬಸ್ಸು ಬಂದೊಡನೆ ಹತ್ತಿ ಹೊರಟು ಹೋಗುತ್ತಾರೆ. ಗಾಡಿ ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ. ಮದ್ದು ಹೇಳುವವರು ಊರು ತುಂಬ ಇರುತ್ತಾರೆ. ನಾಡಿ ಹಿಡಿದು ನೋಡುವವರು ದೊರೆಯುವುದು ಅಪರೂಪ.

ಉಪಾಧ್ಯಾಯ ವೃತ್ತಿಯಲ್ಲಿರುವ ನಮಗೆ ಈ ನೋಟ ಹೊಸದೇನೂ ಅಲ್ಲ. ಮಗುವೊಂದು ಓದಲಾರದೆ ಹೋದರೆ ಅದರ ಸುತ್ತಲೂ ಇಂಥದೇ ಸಭೆ ಸೇರುತ್ತದೆ. ಬುದ್ಧಿ ಸಾಲದು, ಮನೆಯಲ್ಲಿ ನೋಡುವವರಿಲ್ಲ, ಮೊಬೈಲಿನ ಹುಚ್ಚು ಎಂದು ಬಗೆಬಗೆಯ ತೀರ್ಪುಗಳು ಬರುತ್ತವೆ. ಎಲ್ಲಿ ತಡೆದಿದೆ ಎಂದು ನೋಡುವವರು ಮಾತ್ರ ವಿರಳ. ಈ ಎರಡು ಸಂಗತಿಗಳನ್ನು ಒಂದೆಡೆ ಸೇರಿಸಿ ಯೋಚಿಸುವ ಪ್ರಸಂಗ ನಮಗೆ ಒದಗಿದುದು ಒಂದು ಹಳೆಯ ಅಂಬಾಸಿಡರ್ ಗಾಡಿಯ ದಯೆಯಿಂದ. ಅದನ್ನೇ ಇಲ್ಲಿ ನಿವೇದಿಸುತ್ತೇವೆ.

ನಮ್ಮದು ಕಾಸರಗೋಡಿನ ಪೂರ್ವದ ಗುಡ್ಡಗಾಡಿನಲ್ಲಿರುವ ಒಂದು ಕನ್ನಡ ಮಾಧ್ಯಮದ ಕಿರಿಯ ಪ್ರಾಥಮಿಕ ಶಾಲೆ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳ ರಾಜ್ಯಕ್ಕೆ ಸೇರಿದ ಮೇಲೆಯೂ ನಮ್ಮ ಹಿರಿಯರು ಕರಿಹಲಗೆಯ ಮೇಲೆ ಕನ್ನಡವನ್ನೇ ಬರೆಯುತ್ತ ಬಂದರು. ಈಗ ನಾವು ಬರೆಯುತ್ತಿದ್ದೇವೆ. ಮಕ್ಕಳ ಮನೆಮಾತು ಒಂದೇ ಅಲ್ಲ. ತುಳು ಆಡುವವರಿದ್ದಾರೆ, ಮರಾಠಿ ಆಡುವವರಿದ್ದಾರೆ, ಕೊಂಕಣಿ, ಮಲಯಾಳ ಆಡುವವರಿದ್ದಾರೆ. ಅವರೆಲ್ಲರೂ ಅಕ್ಷರವನ್ನು ಕನ್ನಡದಲ್ಲಿ ಕಲಿಯುತ್ತಾರೆ. ಇಂಥ ಶಾಲೆಗಳಲ್ಲಿ ದುಡಿಯುವವರಿಗೆ ಜೂನ್ ತಿಂಗಳೆಂದರೆ ಎದೆಯಲ್ಲಿ ಒಂದು ಬಗೆಯ ನಡುಕ. ಶಾಲೆ ತೆರೆದ ಆರನೆಯ ಕೆಲಸದ ದಿನ ದಾಖಲೆಯಲ್ಲಿರುವ ಮಕ್ಕಳ ಸಂಖ್ಯೆಯ ಮೇಲೆ ಆ ವರ್ಷದ ತರಗತಿಗಳೂ ಉಪಾಧ್ಯಾಯರ ಹುದ್ದೆಗಳೂ ನಿರ್ಧಾರವಾಗುವುದು ಕೇರಳದ ಪದ್ಧತಿ. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ. ಹುದ್ದೆ ಹೋದಂತೆ ಶಾಲೆ ಸೊರಗುತ್ತದೆ; ಸೊರಗಿದ ಶಾಲೆಗೆ ಮುಂದಿನ ವರ್ಷ ಮಕ್ಕಳನ್ನು ಕಳುಹಿಸಲು ಯಾರೂ ಮುಂದಾಗರು.

ಶಾಲೆಯಿಂದ ಆರು ಕಿಲೋಮೀಟರು ಆಚೆ, ಕಾಡಿನಂಚಿನ ಒಂದು ಹಾಡಿಯಿಂದ ನಮ್ಮಲ್ಲಿಗೆ ಹನ್ನೊಂದು ಮಕ್ಕಳು ಬರುತ್ತಾರೆ. ಆ ದಾರಿಯಲ್ಲಿ ಬಸ್ಸಿಲ್ಲ. ಎರಡು ವರ್ಷಗಳ ಹಿಂದೆ ಬೇರೊಂದು ಮಾಧ್ಯಮದ ಶಾಲೆಯ ಹಳದಿ ಬಸ್ಸು ಅಲ್ಲಿಯ ತಿರುವಿನವರೆಗೂ ಬರತೊಡಗಿತು. ತಂದೆ ತಾಯಿಗಳನ್ನು ದೂರುವಂತಿಲ್ಲ. ಜೂನ್ ತಿಂಗಳ ಮಳೆಯಲ್ಲಿ ಆರು ವರ್ಷದ ಮಗುವನ್ನು ತೋಡು ದಾಟಿಸಿ ನಡೆಸುವುದಕ್ಕಿಂತ ಮನೆಬಾಗಿಲಿಗೆ ಬಂದ ಬಸ್ಸಿಗೆ ಹತ್ತಿಸುವುದು ಯಾರಿಗಾದರೂ ಸುಲಭ. ಆಗ ಶಾಲೆಯ ನಾವು ನಾಲ್ವರು ಸೇರಿ, ಸಂಬಳದಲ್ಲಿ ಉಳಿಸಿದ ಹಣವನ್ನು ಒಟ್ಟು ಮಾಡಿ, ನಿವೃತ್ತರಾದ ಟ್ಯಾಕ್ಸಿ ಚಾಲಕರೊಬ್ಬರ ಮನೆಯ ಕೊಟ್ಟಿಗೆಯಲ್ಲಿದ್ದ ಬಿಳಿಯ ಅಂಬಾಸಿಡರನ್ನು ಕೊಂಡೆವು. ಮಕ್ಕಳಿಂದ ಒಂದು ಕಾಸನ್ನೂ ಪಡೆಯದೆ ಬೆಳಗ್ಗೆ ಎರಡು ಸರದಿ, ಸಂಜೆ ಎರಡು ಸರದಿ ಅವರನ್ನು ಕರೆತಂದು ಬಿಡುವುದೆಂದು ಗೊತ್ತುಮಾಡಿಕೊಂಡೆವು. ನಮ್ಮಲ್ಲಿ ಇಬ್ಬರಿಗೆ ಗಾಡಿ ಓಡಿಸಲು ಬರುತ್ತಿತ್ತು. ಅದನ್ನು ರಿಪೇರಿ ಮಾಡಲು ಯಾರಿಗೂ ಬರುತ್ತಿರಲಿಲ್ಲ.

ಅಂಬಾಸಿಡರ್ ಎಂದರೆ ನಮ್ಮ ಓದುಗರಲ್ಲಿ ಹಿರಿಯರಿಗೆ ಪರಿಚಯ ಹೇಳಬೇಕಾಗಿಲ್ಲ; ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯ ಮೇಲೆ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1957ರಿಂದ 2014ರವರೆಗೆ ಈ ಗಾಡಿ ತಯಾರಾಯಿತು. ಮಂತ್ರಿಗಳೂ ಅದರಲ್ಲಿಯೇ ಕುಳಿತರು. ಮದುವೆಯ ದಿಬ್ಬಣದವರೂ ಅದರಲ್ಲಿಯೇ ಕುಳಿತರು. ನಮ್ಮ ಗಾಡಿ 1980ರ ದಶಕದ್ದು. 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನು. ಇಂದಿನ ಕಾರುಗಳಲ್ಲಿರುವ ಗಣಕಯಂತ್ರ ಅದರಲ್ಲಿಲ್ಲ. ಬಾನೆಟ್ ಎತ್ತಿದರೆ ಪ್ರತಿಯೊಂದು ಅಂಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಲಿಯಬೇಕೆನ್ನುವವರಿಗೆ ಅದೊಂದು ತೆರೆದ ಪುಸ್ತಕ.

ಕಳೆದ ಜೂನಿನಲ್ಲಿ ಶಾಲೆ ತೆರೆದ ನಾಲ್ಕನೆಯ ಕೆಲಸದ ದಿನ ಆ ಪುಸ್ತಕ ಮುಚ್ಚಿಕೊಂಡಿತು. ಹಿಂದಿನ ರಾತ್ರಿಯಿಡೀ ಸುರಿದ ಮಳೆ ಬೆಳಗಾದರೂ ನಿಂತಿರಲಿಲ್ಲ. ಕೀಲಿ ತಿರುಗಿಸಿದರೆ ಎಂಜಿನು ಎರಡು ಸಲ ಮುಲುಗಿ ಸುಮ್ಮನಾಯಿತು. ಹಾಡಿಯ ಮಕ್ಕಳು ತಿರುವಿನಲ್ಲಿ ಕೊಡೆ ಹಿಡಿದು ನಿಂತಿರುವ ಹೊತ್ತು ಅದು. ಒಂದು ಬಾಡಿಗೆ ಜೀಪನ್ನು ಗೊತ್ತುಮಾಡಿ ಓಡಿಸಿದೆವು. ಮಕ್ಕಳು ತರಗತಿಗೆ ಬಂದರು. ಆದರೆ ಜೊತೆಯಲ್ಲಿಯೇ ಒಬ್ಬ ತಂದೆಯ ಮಾತೂ ಬಂದಿತು. “ಮಾಷ್ಟ್ರೇ, ನಿಮ್ಮ ಮೇಲೆ ಬೇಸರ ಇಲ್ಲ. ಆದರೆ ಗಾಡಿ ಹೀಗೆ ನಿಲ್ಲುವುದಾದರೆ ಈಗಲೇ ಹೇಳಿಬಿಡಿ. ಟಿ.ಸಿ. ತೆಗೆದು ಆಚೆ ಸೇರಿಸುವುದಕ್ಕೆ ಇನ್ನೂ ಎರಡು ದಿವಸ ಉಂಟು” ಎಂದು ಅವರು ಫೋನಿನಲ್ಲಿ ಹೇಳಿದರು. ಅವರದು ಇಬ್ಬರು ಮಕ್ಕಳು. ಅವರು ಹೋದರೆ ಉಳಿದ ಒಂಬತ್ತರ ಗತಿಯೇನೆಂದು ನಮಗೆ ತಿಳಿಯದೇ ಇರಲಿಲ್ಲ. ದಿನಾಲೂ ಜೀಪು ತರಿಸುವ ಶಕ್ತಿ ನಮಗಿರಲಿಲ್ಲ.

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಪೇಟೆಯ ಹಳೆಯ ಮೇಸ್ತ್ರಿಗಳೊಬ್ಬರನ್ನು ಕರೆತಂದೆವು. ಎಪ್ಪತ್ತು ದಾಟಿದ ವಯಸ್ಸು. ಮಾತು ಅರ್ಧ ಮಲಯಾಳ, ಅರ್ಧ ಕನ್ನಡ. ಅವರು ಬಂದವರೇ ಹತ್ಯಾರದ ಚೀಲವನ್ನು ಕೆಳಗಿಟ್ಟು, ಅದನ್ನು ಬಿಚ್ಚದೆ, ನಮ್ಮನ್ನು ಕೇಳಿದರು: “ಮಾಷೇ, ಎಂತ ಆಗಿದೆ ಅಂತ ಹೇಳಬೇಡಿ. ಎಂತ ಆಗಿಲ್ಲ ಅಂತ ಒಂದೊಂದೇ ನೋಡುವ. ಉಳಿದದ್ದು ತಾನಾಗಿ ಸಿಕ್ಕುತ್ತದೆ.” ಟೀಚರ್ಸ್ ಟ್ರೈನಿಂಗ್ ಪಡೆಯುತ್ತಿದ್ದಾಗ ನಾವು ಓದಿದ ಬೋಧನಾ ವಿಧಾನಗಳ ಪುಸ್ತಕಗಳಲ್ಲಿ ಇಷ್ಟು ಚಿಕ್ಕದಾಗಿ ಹೇಳಿದ ಸೂತ್ರವನ್ನು ನಾವು ಕಂಡಿರಲಿಲ್ಲ.

ಅವರ ವಿಧಾನವನ್ನು ಕ್ರಮವಾಗಿ ಬರೆಯುತ್ತೇವೆ. ಪೆಟ್ರೋಲ್ ಎಂಜಿನು ನಡೆಯಬೇಕಾದರೆ ನಾಲ್ಕು ಸಂಗತಿಗಳು ಕೂಡಬೇಕು. ಮೊದಲನೆಯದಾಗಿ ಅದನ್ನು ಯಾರಾದರೂ ತಿರುಗಿಸಬೇಕು. ತಾನಾಗಿ ಅದು ಮೊದಲ ಹೆಜ್ಜೆ ಇಡಲಾರದು. ಎರಡನೆಯದಾಗಿ ತಕ್ಕ ಕ್ಷಣದಲ್ಲಿ ಕಿಡಿ ಹಾರಬೇಕು. ಮೂರನೆಯದು ಪೆಟ್ರೋಲು. ನಾಲ್ಕನೆಯದು ಗಾಳಿ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೆರೆತರೆ ಅದು ಚೆನ್ನಾಗಿ ಉರಿಯುತ್ತದೆ. ಗಾಡಿ ಹೊರಡದೆ ಇದ್ದರೆ ಈ ನಾಲ್ಕರಲ್ಲಿ ಯಾವುದೋ ಒಂದು ತಪ್ಪಿದೆ ಎಂದೇ ಅರ್ಥ. ಯಾವುದು ತಪ್ಪಿದೆ ಎಂಬುದನ್ನು ಊಹಿಸುವುದಲ್ಲ, ಕೇಳಿ ತಿಳಿಯಬೇಕು.

ಮೊದಲು ದೀಪ. ಹೆಡ್‌ಲೈಟನ್ನು ಹಚ್ಚಿ ಕೀಲಿ ತಿರುಗಿಸಬೇಕು. ದೀಪ ಹಾಗೆಯೇ ಪ್ರಕಾಶವಾಗಿ ಉರಿಯುತ್ತ, ಎಂಜಿನಿನಿಂದ ಯಾವ ಸದ್ದೂ ಬಾರದಿದ್ದರೆ ಬ್ಯಾಟರಿ ಚೆನ್ನಾಗಿದೆ, ಕರೆಂಟು ಸೆಲ್ಫಿಗೆ ತಲಪುತ್ತಿಲ್ಲ ಎಂದು ತಿಳಿಯಬೇಕು. ದೀಪ ಒಮ್ಮೆಗೇ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ತಂತಿಯ ಜೋಡಣೆಯಲ್ಲಿ ತುಕ್ಕು ಹಿಡಿದಿದೆ. ಸೆಲ್ಫ್ ಮಾತ್ರ ಗಿರ್ರೆಂದು ಸುತ್ತಿ ಎಂಜಿನು ತಿರುಗದಿದ್ದರೆ ಅದರ ಚಿಕ್ಕ ಹಲ್ಲುಚಕ್ರ ದೊಡ್ಡ ಚಕ್ರವನ್ನು ಕಚ್ಚುತ್ತಿಲ್ಲ. ನಮ್ಮ ಗಾಡಿಯ ದೀಪ ಮಂಕಾಯಿತು. ಬೆಳಗ್ಗೆ ಕೂಡಿದ್ದ ಮಹನೀಯರಲ್ಲಿ ಬ್ಯಾಟರಿಯ ಪಕ್ಷದವರು ಅಲ್ಲಿದ್ದರೆ ಜಯಘೋಷ ಮಾಡುತ್ತಿದ್ದರು.

ಮೇಸ್ತ್ರಿಗಳು ಹೊಸ ಬ್ಯಾಟರಿ ತನ್ನಿರೆಂದು ಹೇಳಲಿಲ್ಲ. ಬ್ಯಾಟರಿಯ ಎರಡು ಕಂಬಗಳ ಮೇಲೂ ಹಸಿರು ಬಿಳುಪಿನ ಪುಡಿ ಹೂವಿನಂತೆ ಅರಳಿತ್ತು. ಮೊದಲು ಋಣದ ತಂತಿ, ಆಮೇಲೆ ಧನದ ತಂತಿ, ಹೀಗೆ ಬಿಚ್ಚಿ, ಬಿಸಿನೀರು ಹೊಯ್ದು ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಒಣಗಿಸಿ, ಮತ್ತೆ ಬಿಗಿದರು. ಎಂಜಿನಿನಿಂದ ಗಾಡಿಯ ಚೌಕಟ್ಟಿಗೆ ಹೋಗುವ ಒಂದು ಹೆಣೆದ ತಂತಿಯ ಪಟ್ಟಿಯಿದೆ. ಎಂಜಿನು ರಬ್ಬರಿನ ಮೇಲೆ ಕುಳಿತಿರುವುದರಿಂದ ಕರೆಂಟು ಹಿಂದಿರುಗಲು ಆ ಪಟ್ಟಿಯೇ ದಾರಿ. ಅದರ ಮೊಳೆಯನ್ನೂ ಕೆರೆದು ಬಿಗಿದರು. ಮತ್ತೆ ಕೀಲಿ ತಿರುಗಿಸಿದಾಗ ಎಂಜಿನು ಲವಲವಿಕೆಯಿಂದ ತಿರುಗಿತು. ಆದರೆ ಹೊತ್ತಿಕೊಳ್ಳಲಿಲ್ಲ.

ನಮ್ಮ ಮುಖಗಳು ಬಾಡಿದವು. ಮೇಸ್ತ್ರಿಗಳ ಮುಖ ಮಾತ್ರ ಅರಳಿತು. “ಒಂದು ಪ್ರಶ್ನೆ ಮುಗಿಯಿತಲ್ಲ, ಮಾಷೇ!” ಎಂದರು. ಗಾಡಿಗೆ ಎರಡು ತೊಂದರೆಗಳಿದ್ದುವು. ಮೊದಲನೆಯದು ಎರಡನೆಯದನ್ನು ಮರೆಮಾಡಿತ್ತು. ಹೊಸ ಬ್ಯಾಟರಿ ತಂದು ಹಾಕಿದ್ದರೂ ಗಾಡಿ ಹೊರಡುತ್ತಿರಲಿಲ್ಲ. ಸಾವಿರಾರು ರೂಪಾಯಿ ಮಾತ್ರ ಹೊರಡುತ್ತಿತ್ತು.

ಇನ್ನು ಕಿಡಿಯ ಪರೀಕ್ಷೆ. ಇಲ್ಲಿ ಸ್ವಲ್ಪ ವಿಷಯಾಂತರಕ್ಕೆ ಓದುಗರು ಅನುಮತಿ ಕೊಡಬೇಕು. ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟು. ಅಷ್ಟರಿಂದ ಪ್ಲಗ್ಗಿನ ಬಾಯಲ್ಲಿ ಕಿಡಿ ಹಾರದು. ಕಾಯಿಲ್ ಎಂಬ ಸುರುಳಿ ಅದನ್ನು ಹತ್ತು ಸಾವಿರ ವೋಲ್ಟಿಗೂ ಮೇಲಕ್ಕೆ ಏರಿಸುತ್ತದೆ. ಪಾಯಿಂಟ್ ಎಂಬ ಎರಡು ಪುಟ್ಟ ತುಟಿಗಳು ಕೂಡಿ ಬಿಟ್ಟು, ಕೂಡಿ ಬಿಟ್ಟು, ಆ ಕಾಯಿಲನ್ನು ಎಚ್ಚರಿಸುತ್ತಿರುತ್ತವೆ. ಆ ತುಟಿಗಳ ನಡುವಣ ಸಂದು ಒಂದು ಅಂಗುಲದ ಸಾವಿರದಲ್ಲಿ ಹದಿನೈದು ಪಾಲಿನಷ್ಟು ಮಾತ್ರ. ಹೀಗೆ ಹುಟ್ಟಿದ ಬಲವಾದ ಕರೆಂಟನ್ನು ಡಿಸ್ಟ್ರಿಬ್ಯೂಟರ್ ನಾಲ್ಕು ಪ್ಲಗ್ಗುಗಳಿಗೆ ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಹಂಚುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಿಮಿಷಕ್ಕೆ 6000 ಕಿಡಿಗಳು, ಅಂದರೆ ಸೆಕೆಂಡಿಗೆ ನೂರು! ಈ ಏರ್ಪಾಡನ್ನು ಬಳಕೆಗೆ ತಂದವರು ಅಮೇರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲಾಕ್ ಕಾರಿಗೆ ಕರೆಂಟಿನ ಸೆಲ್ಫನ್ನು ಕೂಡಿಸಿ, ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟವನ್ನು ತಪ್ಪಿಸಿದವರೂ ಅವರೇ. ಕಾಲೇಜು ಸೇರುವ ಮುನ್ನ ಅವರು ಒಂದು ಶಾಲೆಯ ಉಪಾಧ್ಯಾಯರಾಗಿದ್ದರೆಂಬುದನ್ನು ಓದಿದಾಗ ನಮಗಾದ ಹೆಮ್ಮೆಯನ್ನು ವೃತ್ತಿಬಾಂಧವರು ಕ್ಷಮಿಸುವರೆಂದು ನಂಬುತ್ತೇವೆ.

ಮೇಸ್ತ್ರಿಗಳು ಒಂದು ಪ್ಲಗ್ಗನ್ನು ಬಿಚ್ಚಿ, ಅದರ ತಂತಿಗೆ ಸಿಕ್ಕಿಸಿ, ರಬ್ಬರಿನ ಹಿಡಿಯಿರುವ ಇಕ್ಕುಳದಿಂದ ಹಿಡಿದು, ಎಂಜಿನಿನ ಲೋಹಕ್ಕೆ ತಾಗಿಸಿದರು. ಕೀಲಿ ತಿರುಗಿಸಿದರೆ ಕಿಡಿಯೇ ಇಲ್ಲ. (ಈ ಪರೀಕ್ಷೆಯನ್ನು ಮಾಡುವವರು ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿಲ್ಲವೆಂದು ಮೊದಲೇ ನೋಡಿಕೊಳ್ಳಬೇಕು, ಬರಿಗೈಯಿಂದ ತಂತಿಯನ್ನು ಮುಟ್ಟಲೇಬಾರದು. ಮಕ್ಕಳು ದೂರ ನಿಂತು ನೋಡುವುದೇ ಸರಿ.) ಆಮೇಲೆ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುಬಾಯಿಗೆ ಹೋಗುವ ದಪ್ಪ ತಂತಿಯನ್ನು ಕಿತ್ತು, ಅದರ ತುದಿಯನ್ನು ಲೋಹದಿಂದ ಕಾಲು ಅಂಗುಲ ದೂರದಲ್ಲಿ ಹಿಡಿದರು. ಮಳೆಗಾಲದ ಮಬ್ಬಿನಲ್ಲಿ ಚಟ್ ಎಂಬ ಸದ್ದಿನೊಡನೆ ನೀಲಿ ಕಿಡಿ ಹಾರಿತು. ಈಗ ನಮಗೂ ಅರ್ಥವಾಯಿತು. ಕಾಯಿಲಿನವರೆಗೆ ಎಲ್ಲವೂ ಸರಿ, ಪ್ಲಗ್ಗಿನಲ್ಲಿ ಇಲ್ಲ. ಹಾಗಾದರೆ ನಡುವೆ ಎಲ್ಲಿಯೋ ಅದು ಸೋರುತ್ತಿದೆ. ನಡುವೆ ಇರುವುದು ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅದರೊಳಗೆ ಸುತ್ತುವ ರೋಟರ್, ನಾಲ್ಕು ತಂತಿಗಳು. ಅಷ್ಟೇ.

ಮುಚ್ಚಳವನ್ನು ತೆಗೆದರು. ಒಳಗೆ ಮಂಜು ಹನಿಗಟ್ಟಿದಂತೆ ತೇವವಿತ್ತು. ಒಣಬಟ್ಟೆಯಿಂದ ಒರೆಸಿ ಮತ್ತೆ ಪರೀಕ್ಷಿಸಿದರೂ ಪ್ಲಗ್ಗಿನಲ್ಲಿ ಕಿಡಿ ಬರಲಿಲ್ಲ. ರೋಟರ್ ಸರಿಯಾಗಿಯೇ ಇತ್ತು. ಆಗ ಮುಚ್ಚಳವನ್ನು ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದು ನಮ್ಮನ್ನು ಕರೆದರು. ನಡುವಿನ ಗುಬ್ಬಿಯಿಂದ ಅಂಚಿನವರೆಗೆ ಪೆನ್ಸಿಲಿನಿಂದ ಎಳೆದಂತೆ ಕೂದಲೆಳೆಯ ಒಂದು ಕಪ್ಪು ಗೆರೆ. ತೇವದ ದಿನಗಳಲ್ಲಿ ಕರೆಂಟು ಅಡ್ಡದಾರಿ ಹಿಡಿದು ಹರಿಯುತ್ತ, ಹರಿಯುತ್ತ, ಬೇಕಲೈಟನ್ನು ಸುಟ್ಟು ಇದ್ದಿಲಿನ ದಾರಿಯೊಂದನ್ನು ಮಾಡಿಕೊಂಡಿತ್ತು. ಒಮ್ಮೆ ಆ ದಾರಿ ಬಿದ್ದ ಮೇಲೆ ಒಣಗಿಸಿದರೂ ಅದು ಪ್ಲಗ್ಗಿಗೆ ಹೋಗಬೇಕಾದ ಕಷ್ಟವನ್ನು ಪಡದೆ ಅಲ್ಲಿಯೇ ಇಳಿದು ಹೋಗುತ್ತದೆ. ಗಾಡಿಯನ್ನು ಮಾಡಿದವರ ದೋಷವೂ ಅಲ್ಲ, ಮಾರಿದವರ ದೋಷವೂ ಅಲ್ಲ. ನಾಲ್ಕು ದಶಕಗಳ ವಯಸ್ಸು, ನಮ್ಮ ಊರಿನ ಮಳೆ.

ಚೂರಿಯ ಮೊನೆಯಿಂದ ಆ ಗೆರೆಯನ್ನು ಬೇಕಲೈಟಿನ ಹಸಿಬಣ್ಣ ಕಾಣುವವರೆಗೂ ಮೆಲ್ಲಗೆ ಕೆರೆದರು. ಕೆರೆದ ಜಾಗಕ್ಕೆ ಮತ್ತೆ ತೇವ ಹಿಡಿಯದಂತೆ ಏನಾದರೂ ಲೇಪ ಬೇಕೆಂದಾಗ ನಮ್ಮ ಟೀಚರೊಬ್ಬರು ಮುಗುಳುನಗುತ್ತ ತಮ್ಮ ಚೀಲದಿಂದ ಉಗುರಿಗೆ ಹಚ್ಚುವ ಬಣ್ಣದ ಪುಟ್ಟ ಶೀಶೆಯನ್ನು ತೆಗೆದುಕೊಟ್ಟರು. ಮೇಸ್ತ್ರಿಗಳು ಅದನ್ನು ಗಂಭೀರವಾಗಿ ಸ್ವೀಕರಿಸಿ, “ಇದಕ್ಕಿಂತ ಒಳ್ಳೆಯದು ಕಂಪೆನಿಯಲ್ಲಿಯೂ ಇಲ್ಲ” ಎಂದರು. ಲೇಪ ಒಣಗುವವರೆಗೆ ಎಲ್ಲರೂ ಚಹಾ ಕುಡಿದೆವು. ಮುಚ್ಚಳವನ್ನು ಕೂಡಿಸಿ ಕೀಲಿ ತಿರುಗಿಸಿದಾಗ ಎರಡನೆಯ ಸುತ್ತಿಗೇ ಎಂಜಿನು ಹೊತ್ತಿಕೊಂಡಿತು. ಮಂಗಳೂರಿನಿಂದ ಹೊಸ ಮುಚ್ಚಳ ಬರುವವರೆಗೆ, ನಾಲ್ಕು ದಿನ, ಗಾಡಿ ಉಗುರುಬಣ್ಣದ ಬಲದಿಂದಲೇ ಓಡಿತು. ಆರನೆಯ ಕೆಲಸದ ದಿನ ಹನ್ನೊಂದು ಹೆಸರುಗಳೂ ನಮ್ಮ ದಾಖಲೆಯಲ್ಲಿದ್ದುವು.

ಕಿಡಿ ಸರಿಯಾಗಿದ್ದು ಗಾಡಿ ಹೊರಡದಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾವು ಚಹಾದ ಹೊತ್ತಿನಲ್ಲಿ ಕೇಳಿದ್ದೆವು. ಆಗ ಪೆಟ್ರೋಲಿನ ದಾರಿಯನ್ನು ಹಿಡಿಯಬೇಕಂತೆ. ಮೊದಲು ಮೂಗು. ಬಾನೆಟ್ ಎತ್ತಿದೊಡನೆ ಪೆಟ್ರೋಲಿನ ವಾಸನೆ ಗಾಢವಾಗಿ ಬಂದರೆ ಎಂಜಿನಿಗೆ ಪೆಟ್ರೋಲು ಹೆಚ್ಚಾಗಿದೆ. ಚೋಕನ್ನು ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ತಿರುಗಿಸಿದರೆ ಹೆಚ್ಚಿನದು ಗಾಳಿಯೊಡನೆ ಹೊರಗೆ ಹೋಗುತ್ತದೆ. ವಾಸನೆಯೇ ಇಲ್ಲದಿದ್ದರೆ ಪೆಟ್ರೋಲು ಬರುತ್ತಿಲ್ಲ. ಟಾಂಕಿಯಿಂದ ಹಿಡಿದು ಫಿಲ್ಟರ್, ಪಂಪು, ಕಾರ್ಬುರೇಟರಿನ ಬಟ್ಟಲು, ಹೀಗೆ ಹೊಳೆಯ ದಂಡೆಯಲ್ಲಿ ನಡೆಯುವವನಂತೆ ಕ್ರಮವಾಗಿ ನೋಡುತ್ತ ಬರಬೇಕು. ಬಹುದಿನ ನಿಂತ ಗಾಡಿಯಾದರೆ ಪಂಪಿನ ಬದಿಯ ಪುಟ್ಟ ಹಿಡಿಯನ್ನು ಕೈಯಿಂದ ನಾಲ್ಕಾರು ಸಲ ಎತ್ತಿ ಇಳಿಸಿದರೆ ಬಟ್ಟಲು ತುಂಬುತ್ತದೆ. ಈ ಕಾಲದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಎಥನಾಲಿಗೆ ನೀರಿನ ಮೇಲೆ ಮೋಹ. ಹಳೆಯ ಕಾಲದ ರಬ್ಬರಿನ ಕೊಳವೆಗಳನ್ನು ಅದು ಮೆದುವಾಗಿಸುತ್ತದೆ. ಆದುದರಿಂದ ಹಳೆಯ ಗಾಡಿಯ ಕೊಳವೆಗಳನ್ನು ಹೊಸ ಬಗೆಯವಕ್ಕೆ ಬದಲಾಯಿಸುವುದೂ, ತಿಂಗಳುಗಟ್ಟಲೆ ಪೆಟ್ರೋಲನ್ನು ಟಾಂಕಿಯಲ್ಲಿ ಕೂಡಿಡದೆ ಇರುವುದೂ ಕ್ಷೇಮ.

ಗಾಡಿಯ ಕತೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಮೇಸ್ತ್ರಿಗಳ ಸೂತ್ರ ನಮ್ಮನ್ನು ಬಿಡಲಿಲ್ಲ. ಮೂರನೆಯ ತರಗತಿಯಲ್ಲಿ ಹಾಡಿಯ ಹುಡುಗನೊಬ್ಬನಿದ್ದ. ಮಾತಿನಲ್ಲಿ ಚುರುಕು, ಲೆಕ್ಕದಲ್ಲಿ ಮುಂದು. ಪಾಠವನ್ನು ಓದು ಎಂದರೆ ಎರಡು ಸಾಲು ಓದಿ ನಿಲ್ಲುತ್ತಿದ್ದ. ಮನೆಮಾತು ತುಳುವಾದುದರಿಂದ ಕನ್ನಡ ತಡವಾಗುತ್ತದೆ ಎಂಬುದು ನೆರೆದವರ ತೀರ್ಪು. ಅದು ಬೆಳಗಿನ ಬ್ಯಾಟರಿಯಂಥ ತೀರ್ಪು. ನಾವು ಏನಾಗಿಲ್ಲ ಎಂಬುದರಿಂದ ತೊಡಗಿದೆವು. ಕಣ್ಣು ಸರಿಯಿದೆಯೇ? ಕರಿಹಲಗೆಯ ಮೇಲಿನ ಸಣ್ಣ ಅಕ್ಷರವನ್ನು ಹಿಂದಿನ ಬೆಂಚಿನಿಂದಲೇ ಗುರುತಿಸಿದ. ಕಿವಿ? ನಾವು ಓದಿದ್ದನ್ನು ತಪ್ಪಿಲ್ಲದೆ ತಿರುಗಿ ಹೇಳಿದ. ಅಕ್ಷರ, ಕಾಗುಣಿತ? ಎಲ್ಲವೂ ಬಾಯಿಗೆ ಬರುತ್ತಿತ್ತು. ಒತ್ತಕ್ಷರ? ಅಕ್ಕ, ಹಬ್ಬ, ಪುಸ್ತಕ, ಯಾವುದರಲ್ಲಿಯೂ ತಡೆಯಿಲ್ಲ. ‘ಸೂರ್ಯ’ ಎಂಬ ಪದಕ್ಕೆ ಬಂದಾಗ ನಿಂತ. ‘ಸೂಯರ’ ಎಂದು ತುಟಿಯೊಳಗೇ ಹೇಳಿಕೊಂಡು, ಅರ್ಥವಾಗದೆ, ನಾಚಿ ಸುಮ್ಮನಾದ.

ಕಾರಣ ಕಣ್ಣಮುಂದೆಯೇ ಇತ್ತು. ನಮ್ಮ ಲಿಪಿಯಲ್ಲಿ ಅರ್ಕಾವೊತ್ತು ಅಕ್ಷರದ ಬಲಗಡೆಗೆ, ಅಂದರೆ ಅದರ ಅನಂತರ ಬರೆಯಲ್ಪಡುತ್ತದೆ. ಆದರೆ ಉಚ್ಚರಿಸುವಾಗ ಅಕ್ಷರಕ್ಕಿಂತ ಮೊದಲು ಬರುತ್ತದೆ. ಎಡದಿಂದ ಬಲಕ್ಕೆ ಓದಬೇಕೆಂದು ನಾವೇ ಕಲಿಸಿದ ನಿಯಮವನ್ನು ಅವನು ನಿಷ್ಠೆಯಿಂದ ಪಾಲಿಸುತ್ತಿದ್ದ. ‘ವರ್ಷ’, ‘ಮಾರ್ಗ’, ‘ಕಾರ್ಯ’, ‘ಅರ್ಥ’ ಬಂದಲ್ಲೆಲ್ಲ ಅವನ ಓದು ಆ ಕಪ್ಪು ಗೆರೆಯಲ್ಲಿ ಇಳಿದು ಹೋಗುತ್ತಿತ್ತು. ಪುಸ್ತಕದ ಭಾಷೆಯಲ್ಲಿ ಇಂಥ ಪದಗಳು ಎರಡು ಸಾಲಿಗೊಂದಾದರೂ ಬರುತ್ತವೆಯಷ್ಟೆ. ಒಂದು ವಾರ ದಿನಕ್ಕೆ ಹತ್ತು ಪದಗಳಂತೆ ಬಣ್ಣದ ಸೀಮೆಸುಣ್ಣದಿಂದ ಅರ್ಕಾವೊತ್ತನ್ನು ಮಾತ್ರ ಕೆಂಪಾಗಿ ಬರೆದು, ಅದರಿಂದ ಹಿಂದಕ್ಕೆ ಒಂದು ಬಾಣ ಎಳೆದು ಅಭ್ಯಾಸ ಮಾಡಿಸಿದೆವು. ಹುಡುಗ ಈಗ ಪುಟವನ್ನು ಮುಗಿಸುತ್ತಾನೆ; ವೇಗ ಇನ್ನೂ ಬರಬೇಕು. ಅದೇ ತರಗತಿಯಲ್ಲಿ ಇನ್ನೊಬ್ಬಳು ಹುಡುಗಿಯಿದ್ದಾಳೆ. ಅವಳ ಓದು ಎಲ್ಲಿ ಸೋರುತ್ತಿದೆ ಎಂಬುದನ್ನು ನಾವು ಇನ್ನೂ ಹುಡುಕುತ್ತಲೇ ಇದ್ದೇವೆ. ಎಲ್ಲ ಮುಚ್ಚಳಗಳ ಗೆರೆಯೂ ಒಂದೇ ಸಂಜೆಗೆ ಕಾಣಿಸುವುದಿಲ್ಲ.

ಹಳೆಯ ಗಾಡಿಗೂ ಮಗುವಿಗೂ ಹೋಲಿಕೆ ಹೇಳುವುದು ಅತಿಯಾಯಿತೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಗಾಡಿಗೆ ನಾಚಿಕೆಯಿಲ್ಲ, ಮಗುವಿಗಿದೆ; ಗಾಡಿಯನ್ನು ಹತ್ತು ಜನರ ಮುಂದೆ ಬಿಚ್ಚಬಹುದು, ಮಗುವನ್ನು ಹಾಗೆ ಮಾಡಲಾಗದು. ಆ ಹುಡುಗನ ಪರೀಕ್ಷೆಯನ್ನು ನಾವು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಉಳಿದವರು ಅಂಗಳದಲ್ಲಿರುವಾಗ ಮಾಡಿದುದು ಇದಕ್ಕಾಗಿಯೇ. ಹೋಲಿಕೆ ಇರುವುದು ವಸ್ತುವಿನಲ್ಲಲ್ಲ, ನೋಡುವ ಕ್ರಮದಲ್ಲಿ. ಕೆಟ್ಟಿರುವುದು ಇಡೀ ಗಾಡಿಯಲ್ಲ. ಒಂದು ಮುಚ್ಚಳದ ಒಳಗಿನ ಕೂದಲೆಳೆಯ ಗೆರೆ. ಆ ಗೆರೆಯನ್ನು ಕಾಣದವರು ಇಡೀ ಗಾಡಿಯನ್ನೇ ಗುಜರಿಗೆ ಹಾಕಲು ಹೊರಡುತ್ತಾರೆ.

ಗುಜರಿಯ ಮಾತು ಬಂದುದರಿಂದ ಒಂದು ನಿಜವನ್ನೂ ಹೇಳಬೇಕು. ನಮ್ಮ ದೇಶದ ಕಾನೂನಿನಂತೆ ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಗಳದು. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕು. ನಮ್ಮ ಗಾಡಿಯ ಸರದಿ ಇನ್ನೆರಡು ವರ್ಷಕ್ಕೆ ಬರುತ್ತದೆ. ಆಗ ಅದು ತೇರ್ಗಡೆಯಾದೀತೆಂಬ ಭರವಸೆಯನ್ನು ಮೇಸ್ತ್ರಿಗಳೂ ಕೊಡುವುದಿಲ್ಲ. ಅಷ್ಟರಲ್ಲಿ ಹಾಡಿಗೆ ಒಂದು ಬಸ್ಸು ಬೇಕೆಂದು ತಂದೆ ತಾಯಿಗಳೊಡನೆ ಸೇರಿ ಅರ್ಜಿ ಬರೆದು ಕೊಟ್ಟಿದ್ದೇವೆ. ಎರಡು ವರ್ಷವೆಂದರೆ ಈಗ ಒಂದನೆಯ ತರಗತಿಯಲ್ಲಿರುವ ನಾಲ್ಕು ಮಕ್ಕಳು ಮೂರನೆಯದಕ್ಕೆ ಬಂದಿರುತ್ತಾರೆ. ಅಷ್ಟು ದೂರ ಅವರನ್ನು ತಲಪಿಸಿದರೆ ಗಾಡಿ ತನ್ನ ಕೆಲಸ ಮಾಡಿದಂತೆಯೇ.

ಕೊನೆಗೆ ಪತ್ರಿಕೆಯ ಓದುಗರಲ್ಲಿ ಒಂದು ವಿನಂತಿ. ಮುಚ್ಚಳವನ್ನು ಬದಲಾಯಿಸಿದ ಮೇಲೆ ಹಳೆಯದನ್ನು ನಾವು ನಾಲ್ಕನೆಯ ತರಗತಿಗೆ ಒಯ್ದು ಮಕ್ಕಳ ಕೈಗೆ ಕೊಟ್ಟೆವು. ಹೆಸರೇನೆಂದು ಅವರು ಕೇಳಿದರು. ಇಂಗ್ಲಿಷಿನ ಹೆಸರನ್ನು ಹೇಳಿದೆವು, ನಾಲಗೆ ತೊಡರಿತು. ಆಗ ಅವರೇ ಅದಕ್ಕೆ ‘ಕಿಡಿಹಂಚುವ ಮುಚ್ಚಳ’ ಎಂದು ಹೆಸರಿಟ್ಟರು. ರೋಟರಿಗೆ ‘ಸುತ್ತುಬೆರಳು’, ಕಾಯಿಲಿಗೆ ‘ಕಿಡಿಸುರುಳಿ’, ಚೋಕಿಗೆ ‘ಗಾಳಿತಡೆ’. ಈ ಹೆಸರುಗಳು ಪೇಟೆಯಲ್ಲಿ ನಡೆಯಲಾರವು. ಅಂಗಡಿಯಲ್ಲಿ ಸುತ್ತುಬೆರಳು ಕೊಡಿ ಎಂದರೆ ಯಾರೂ ಕೊಡರು. ಆದರೆ ಪ್ರತಿಯೊಂದು ಹೆಸರಿನಲ್ಲಿಯೂ ಆ ಅಂಗದ ಕೆಲಸ ಇರುವುದರಿಂದ, ಆ ಹೆಸರನ್ನು ಬಲ್ಲ ಮಗುವಿಗೆ ಗಾಡಿಯ ಕಿಡಿಯ ದಾರಿಯೂ ಗೊತ್ತು. ತಾಳವಾಡಿಯಲ್ಲಿ, ಹೊಸೂರಿನಲ್ಲಿ, ಅಕ್ಕಲಕೋಟೆಯಲ್ಲಿ, ಜತ್ತದಲ್ಲಿ, ಆದವಾನಿಯಲ್ಲಿ, ಮಡಕಶಿರದಲ್ಲಿ ನಿಮ್ಮ ಮೇಸ್ತ್ರಿಗಳು ಈ ಅಂಗಗಳನ್ನು ಏನೆಂದು ಕರೆಯುತ್ತಾರೆ, ನಿಮ್ಮ ಮಕ್ಕಳು ಏನೆಂದು ಕರೆದಾರು? ಒಂದು ಕಾರ್ಡಿನಲ್ಲಿ ಬರೆದು ಸಂಪಾದಕರಿಗೆ ಕಳುಹಿಸಿದರೆ ನಮ್ಮ ನಾಲ್ಕನೆಯ ತರಗತಿಯವರು ಆ ಪಟ್ಟಿಯನ್ನು ಅಂದವಾಗಿ ಬರೆದು ಶಾಲೆಯ ಗೋಡೆಗೆ ಹಚ್ಚುತ್ತಾರೆ.